ನಮ್ಮ ಅಡ್ಯಾರ್ ಮನೆಯ ಜೀವಂತ ಕಲ್ಲುಗಳು

ಮನೆಯೊಳಗೆ ಸಮುದ್ರ ಇಟ್ಟುಕೊಂಡವರು ನಗುವಿಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ, ಅದೇ ಹುಡುಕಿಕೊಂಡು ಬರುತ್ತೆ. ನಾನು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವಳು. ನಮ್ಮ ಮನೆಯವರು ಚೆನ್ನೈನ ಎಗ್ಮೋರಿನಲ್ಲಿ ರೈಲ್ವೆ ಎಂಜಿನಿಯರ್. ಜೊತೆಗೆ ಮೈಸೂರು ಕಡೆಯ ಅತ್ತೆ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಮಗಳು. ಈರುಳ್ಳಿಯನ್ನೂ ಒಳಗೆ ಬಿಡದ ಈ ಫ್ಲ್ಯಾಟಿಗೆ ಮುನ್ನೂರು ಲೀಟರಿನ ಉಪ್ಪುನೀರಿನ ಮೀನಿನ ತೊಟ್ಟಿ ತಂದವಳು ನಾನೇ. ಹೇಳಿಕೊಳ್ಳೋಕೆ ನನಗೇನೂ ನಾಚಿಕೆ ಇಲ್ಲ.

ಇಂಥ ತೊಟ್ಟಿಗೆ ಮೊದಲು ಮೀನು ಬಿಡುವಂತಿಲ್ಲ, ಕಲ್ಲು ಬಿಡಬೇಕು. ಅದಕ್ಕೆ ಲೈವ್ ರಾಕ್ ಅಂತಾರೆ, ಜೀವಂತ ಕಲ್ಲು. ರವೆ ಇಡ್ಲಿ ಥರ ಮೈತುಂಬ ತೂತು, ತೂತಿನ ತುಂಬ ಕಣ್ಣಿಗೆ ಕಾಣದ ಜೀವಿಗಳು. ಮುಂದೆ ಬರೋ ಮೀನುಗಳ ಕೊಳೆಯನ್ನು ತಿಂದು ನೀರನ್ನು ಕಾಯೋದು ಅವೇ. ನಮ್ಮದು ಸಮುದ್ರದಿಂದ ಕಿತ್ತು ತಂದದ್ದಲ್ಲ, ಅಕ್ವೇರಿಯಂ ಅಂಗಡಿಯವನೇ ತನ್ನ ತೊಟ್ಟಿಯಲ್ಲಿ ವರ್ಷಗಟ್ಟಲೆ ಬೆಳೆಸಿದ್ದು. ಕೊಡುವಾಗ ಅವನು ಒಂದು ಮಾತು ಹೇಳಿದ: "ಯೋಚನೆ ಮಾಡಿ ಮೇಡಂ. ತುಂಬ ಜನ ಅರ್ಧಕ್ಕೇ ಬಿಟ್ಟು ತೊಟ್ಟಿಯಲ್ಲಿ ಮನಿಪ್ಲಾಂಟ್ ಇಡ್ತಾರೆ."

ಆ ಮಾತು ನನಗೆ ನಾಟಿಬಿಟ್ಟಿತು. ಮನಿಪ್ಲಾಂಟ್ ಇಡೋ ಪೈಕಿ ನಾನಲ್ಲ.

ಆಟೋ ಪ್ರಯಾಣ

ಅಂಗಡಿ ಇದ್ದದ್ದು ಕೊಳತ್ತೂರಿನಲ್ಲಿ, ಊರಿನ ಆ ತುದಿ. ಒದ್ದೆ ಪೇಪರಿನಲ್ಲಿ ಸುತ್ತಿದ ಕಲ್ಲುಗಳನ್ನು ಥರ್ಮೋಕೋಲ್ ಡಬ್ಬದಲ್ಲಿಟ್ಟು, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದೆ. ಡ್ರೈವರ್ ಒಂದು ಹಳ್ಳವನ್ನೂ ಬಿಡಲಿಲ್ಲ.

"ಮೆದುವಾ ಪೋಂಗಪ್ಪಾ, ನಿಧಾನ, ಒಳಗೆ ಜೀವ ಇದೆ" ಅಂದೆ.

"ಮೀನಾ ಅಕ್ಕಾ?"

"ಅಲ್ಲ, ಕಲ್ಲು."

ಅವನು ಪೂರ್ತಿ ಹಿಂದೆ ತಿರುಗಿ ನೋಡಿದ. ಇನ್ನು ಅರ್ಧಕ್ಕೆ ಬಿಡಬಾರದು ಅಂತ ಜೀವಂತ ಕಲ್ಲಿನ ಮಹಿಮೆಯನ್ನೆಲ್ಲ ನನ್ನ ಒಳ್ಳೆ ತಮಿಳಿನಲ್ಲಿ ವಿವರಿಸಿದೆ. ಮನೆ ಮುಂದೆ ಡಬ್ಬ ಇಳಿಸಿಕೊಡುವಾಗ ಅವನು ತುಂಬ ಕನಿಕರದಿಂದ ಹೇಳಿದ:

"ನಮ್ಮ ಮಾಮಿಯಾರ್, ಅತ್ತೆಗೆ, ಕಿಡ್ನಿಯಲ್ಲಿ ಕಲ್ಲಿತ್ತು ಅಕ್ಕಾ. ಅದನ್ನ ಹೊರಗೆ ತೆಗೆಸೋಕೆ ನಾವು ಮೂರು ಆಸ್ಪತ್ರೆ ಅಲೆದ್ವಿ. ನೀವು ಒಳಗೆ ತಗೊಂಡು ಹೋಗೋಕೆ ಇಷ್ಟು ದೂರ ಅಲೆದಿದ್ದೀರಿ!"

ನೆನೆಹಾಕಿದ್ದು

ತಂದ ಕಲ್ಲನ್ನು ನೇರ ತೊಟ್ಟಿಗೆ ಹಾಕುವಂತಿಲ್ಲ. ದಾರಿಯಲ್ಲಿ ಸತ್ತ ಸಣ್ಣಪುಟ್ಟ ಜೀವಿಗಳು ಕೊಳೆತು ಹೋಗಬೇಕು. ಅಲ್ಲಿವರೆಗೆ ಕಲ್ಲನ್ನು ಬೇರೆ ಟಬ್ಬಿನ ಉಪ್ಪುನೀರಿನಲ್ಲಿ ನೆನೆಹಾಕಿ, ಬ್ರಷ್ಷಿನಲ್ಲಿ ಉಜ್ಜಿ, ನೀರು ಬದಲಾಯಿಸುತ್ತಿರಬೇಕು. ನಾನು ಟಬ್ಬನ್ನು ಬಾಲ್ಕನಿಯಲ್ಲಿಟ್ಟೆ. ಮೂರನೇ ದಿನಕ್ಕೆ ಇಡೀ ಕಟ್ಟಡ ಮರೀನಾದ ಮೀನುಮಾರ್ಕೆಟ್ ಆಯಿತು.

ನಮ್ಮದು ಪೂರ್ತಿ ಸಸ್ಯಾಹಾರಿಗಳ ಕಟ್ಟಡ. ಅಸೋಸಿಯೇಷನ್ ಸೆಕ್ರೆಟರಿ ಒಂದೊಂದು ಮಹಡಿಯಲ್ಲೂ ಮೂಸಿಕೊಂಡು ಮೇಲೆ ಹತ್ತಿ, ನಮ್ಮ ಬಾಗಿಲಿಗೆ ಬಂದು ನಿಂತರು. ನಾನು ಆಫೀಸಿನಲ್ಲಿದ್ದೆ, ಬಾಗಿಲು ತೆಗೆದದ್ದು ಅತ್ತೆ. ತಲೆ ಮೇಲೆ ಸೆರಗು, ಕೈಯಲ್ಲಿ ಜಪಮಾಲೆ.

"ಮಾಮೀ, ತಪ್ಪು ತಿಳ್ಕೋಬೇಡಿ. ಯಾರ ಮನೆಯಲ್ಲೋ ಕರುವಾಡು, ಒಣಮೀನು ಬೇಯಿಸ್ತಿದ್ದಾರೆ ಅಂತ ದೂರು ಬಂದಿದೆ."

ಅತ್ತೆಗೆ ನನ್ನ ಹುಚ್ಚಿನ ಮೇಲೆ ಎಷ್ಟೇ ಸಿಟ್ಟಿದ್ದರೂ ಹೊರಗಿನವರ ಮುಂದೆ ಸೊಸೆಯನ್ನು ಬಿಟ್ಟುಕೊಟ್ಟವರಲ್ಲ. "ನಮ್ಮನೇಲಿ ಏನೂ ಬೇಯಿಸ್ತಿಲ್ಲಪ್ಪ" ಅಂದರು ಗಂಭೀರವಾಗಿ. "ನನ್ನ ಸೊಸೆ ಕಲ್ಲು ನೆನೆಹಾಕಿದ್ದಾಳೆ, ಅಷ್ಟೇ."

ಸೆಕ್ರೆಟರಿ ಬಹಳ ವಿನಯದಿಂದ ಕೇಳಿದರಂತೆ:

"ನೆನೆದ ಮೇಲೆ ಎಷ್ಟು ವಿಸಿಲ್ ಕೊಡಬೇಕು ಮಾಮೀ?"

ಎಂಜಿನಿಯರಿಗೆ ಪಾಠ

ವಾಸನೆ ಹೋದ ಮೇಲೆ ಕಲ್ಲುಗಳು ತೊಟ್ಟಿಗಿಳಿದವು. ಒಂದರ ಮೇಲೊಂದು ಜೋಡಿಸಿ ಪುಟ್ಟ ಗುಹೆಯನ್ನೇ ಕಟ್ಟಿದೆ. ಚೆನ್ನೈ ಸೆಕೆಗೆ ನೀರು ದಿನಾ ಆವಿಯಾಗುತ್ತಿತ್ತು. ಕಮ್ಮಿಯಾದಷ್ಟು ನೀರು ತುಂಬುವ ಕೆಲಸವನ್ನು ನಮ್ಮ ಮನೆಯವರು ತಾವಾಗಿಯೇ ವಹಿಸಿಕೊಂಡರು. ಉಪ್ಪನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ಕದಡಿ, ಉಪ್ಪುನೀರನ್ನೇ ಸುರಿಯುತ್ತಿದ್ದರು.

ವಾರ ಕಳೆಯುವುದರೊಳಗೆ ನೀರಿನಲ್ಲಿ ಉಪ್ಪಿನ ಅಳತೆ ಏರುತ್ತಾ ಹೋಯಿತು. ಹೀಗೇ ಆದರೆ ಕಲ್ಲಿನೊಳಗಿನ ಜೀವಗಳೆಲ್ಲ ಸತ್ತುಹೋಗುತ್ತವೆ. ಇವರು ಉಪ್ಪು ಅಳೆಯುವ ಮೀಟರ್ ಕೆಟ್ಟಿದೆ ಅಂದರು. ಉಪ್ಪಿನ ಪ್ಯಾಕೆಟ್ ಸರಿಯಿಲ್ಲ ಅಂದರು. ಹಾಳೆಯಲ್ಲಿ ಗ್ರಾಫ್ ಬರೆದರು. ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದ ಅತ್ತೆ ತಲೆಯೆತ್ತಿ ಕೇಳಿದರು:

"ಅಲ್ವೋ, ಆವಿ ಆಗೋದು ನೀರೋ ಉಪ್ಪೋ?"

"ನೀರಮ್ಮ."

"ಸಾರು ಕುದ್ದು ಬತ್ತಿಹೋದ್ರೆ ಉಪ್ಪು ಹಾಕ್ತಾರೋ, ನೀರು ಹಾಕ್ತಾರೋ?"

ಇವರು ಪೆನ್ನು ಕೆಳಗಿಟ್ಟರು. ಮಾರನೆಯ ದಿನದಿಂದ ಬರೀ ಸಿಹಿನೀರು ಹಾಕಿದೆವು, ಅಳತೆ ದಾರಿಗೆ ಬಂತು. ಅತ್ತೆ ಮಾತ್ರ ಅಷ್ಟಕ್ಕೇ ಬಿಡಲಿಲ್ಲ. "ನಿನ್ನ ಓದಿಸಿದ್ದು ತಪ್ಪಾಯ್ತು ಕಣೋ. ಅಡುಗೆ ಕಲಿಸಬೇಕಿತ್ತು."

ಸೊನ್ನೆಗೆ ಸಿಹಿ

ಆಮೇಲೆ ಶುರುವಾಯಿತು ಕಾಯುವ ಕಾಲ. ನೀರಿನಲ್ಲಿ ಅಮೋನಿಯಾ ಅನ್ನೋ ವಿಷ ಮೊದಲು ಏರುತ್ತೆ. ಕಲ್ಲಿನ ಜೀವಿಗಳು ಬಲಿತ ಮೇಲೆ ಅದನ್ನು ತಿಂದು ಸೊನ್ನೆಗೆ ಇಳಿಸುತ್ತವೆ. ಅಲ್ಲಿವರೆಗೆ ಮೀನಿಲ್ಲ. ವಾರಗಟ್ಟಲೆ ತೊಟ್ಟಿಯಲ್ಲಿ ಬರೀ ಕಲ್ಲು. ಮನೆಗೆ ಬಂದ ಸಹೋದ್ಯೋಗಿ ಒಬ್ಬಳು ನನ್ನ ಕೈ ಹಿಡಿದುಕೊಂಡು, "ಎಲ್ಲಾ ಒಟ್ಟಿಗೇ ಹೋದ್ವಾ?" ಅಂತ ಸಂತಾಪ ಸೂಚಿಸಿ ಹೋದಳು.

ದಿನಾ ಬೆಳಗ್ಗೆ ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಔಷಧಿ ಹನಿ ಹಾಕಿ, ಬಣ್ಣ ನೋಡುತ್ತಿದ್ದೆ. ಹಸಿರು, ಹಸಿರು, ಮತ್ತೆ ಹಸಿರು. ಒಂದು ಶನಿವಾರ ಹಳದಿ! ಹಳದಿ ಅಂದರೆ ಸೊನ್ನೆ. ನಾನು ಕುಣಿದಾಡಿದೆ. ಅವತ್ತೇ ಮೈಸೂರು ಪಾಕ್ ಮಾಡಿ ತಟ್ಟೆಯಲ್ಲಿಟ್ಟುಕೊಂಡು ಮಗಳ ರೂಮಿಗೆ ಹೋದೆ.

"ಎದುಕ್ಕುಮ್ಮಾ ಸ್ವೀಟ್?" ಯಾತಕ್ಕೆ ಅಂತ ಅವಳ ಪ್ರಶ್ನೆ.

"ನಮ್ಮ ಕಲ್ಲುಗಳು ಸೊನ್ನೆ ತಗೊಂಡಿವೆ ಕಣೇ!"

ಅವಳು ಮೈಸೂರು ಪಾಕನ್ನೂ ನನ್ನನ್ನೂ ನೋಡಿದಳು. ಆ ಒಂದು ದಿನ, ಕೋಪಕ್ಕೋ ಏನೋ, ಶುದ್ಧ ಕನ್ನಡದಲ್ಲೇ ಉತ್ತರ ಬಂತು:

"ಗಣಿತದಲ್ಲಿ ನಾನು ತೊಂಬತ್ತೆಂಟು ತಗೊಂಡಾಗ, ಇನ್ನೆರಡು ಎಲ್ಲಿ ಹೋಯ್ತು ಅಂತ ಕೇಳಿದ್ದೆ ನೀನು!"

ಟಪ್

ಒಂದು ಭಾನುವಾರ ಬೆಳಗ್ಗೆ ತಿಂಡಿಗೆ ಕೂತಿದ್ದೆವು. ತೊಟ್ಟಿಯಿಂದ "ಟಪ್!" ಅಂತ ಸದ್ದು. ಗಾಜಿಗೆ ಯಾರೋ ಕಲ್ಲು ಹೊಡೆದ ಹಾಗೆ. ಸ್ವಲ್ಪ ಹೊತ್ತಿಗೆ ಮತ್ತೆ "ಟಪ್!"

"ಗಾಜು ಬಿರೀತಿದೆ!" ಅಂತ ಇವರು ದೋಸೆ ಬಿಟ್ಟೆದ್ದರು. ಮುನ್ನೂರು ಲೀಟರ್ ನೀರು! ಕರೆಂಟ್ ಆಫ್ ಮಾಡಿದರು. ಮಗಳು ಚಾಪೆ, ಪುಸ್ತಕ ಎಲ್ಲ ಸೋಫಾದ ಮೇಲೆ ಪೇರಿಸಿದಳು. ಇವರು ಒಂದೊಂದು ಕೈಯಲ್ಲಿ ಒಂದೊಂದು ಬಕೆಟ್ ಹಿಡಿದು ತೊಟ್ಟಿಯ ಮುಂದೆ ಪಹರೆ ನಿಂತರು. ಅತ್ತೆಗೆ ಹೊರಗೆ ಹೋಗಿ ಅಂದರೆ, ಕುರ್ಚಿಯನ್ನು ತೊಟ್ಟಿಯ ಹತ್ತಿರಕ್ಕೇ ಎಳೆದುಕೊಂಡು ಕೂತುಬಿಟ್ಟರು. "ಇಷ್ಟು ದಿನ ಕಾದಿದ್ದೀವಿ, ಬಿಟ್ಟು ಬರಲ್ಲ."

ನಾನು ಅಂಗಡಿಯವನಿಗೆ ಫೋನ್ ಮಾಡಿದೆ. ಫೋನನ್ನು ಗಾಜಿಗೆ ಹಿಡಿಯಿರಿ ಅಂದ. ಹಿಡಿದೆ. "ಟಪ್!"

ಅವನು ಗಹಗಹಿಸಿ ನಕ್ಕ. "ಗಾಜಲ್ಲ ಮೇಡಂ, ಸಿಗಡಿ! ಕಲ್ಲಿನ ತೂತಿನಲ್ಲಿ ಮರಿಯಾಗಿ ಬಂದಿರುತ್ತೆ. ಇಕ್ಕಳದಂಥ ಒಂದು ಕೈ ದಪ್ಪ ಇರುತ್ತೆ, ಅದರಲ್ಲೇ ಚಿಟಿಕೆ ಹೊಡೆಯೋದು. ನಿಮ್ಮ ನೀರು ಚೆನ್ನಾಗಿದೆ ಅಂತ ಅರ್ಥ."

ಟಾರ್ಚ್ ಹಿಡಿದು ನೋಡಿದೆವು. ಗುಹೆಯ ಮೂಲೆಯ ತೂತಿನಿಂದ ಕಿರುಬೆರಳಿನಷ್ಟು ಉದ್ದದ ಜೀವವೊಂದು ಮೀಸೆ ಅಲ್ಲಾಡಿಸುತ್ತಿತ್ತು. ನನಗೆ ಕಣ್ಣು ತುಂಬಿತು. ನಾನು ಬಿಟ್ಟದ್ದು ಬರೀ ಕಲ್ಲು. ಅದರಲ್ಲಿ ಒಂದು ಜೀವ ಉಳಿದು, ಬೆಳೆದು, ಈಗ ಮನೆಗೆಲ್ಲ ಕೇಳುವ ಹಾಗೆ ಸದ್ದು ಮಾಡುತ್ತಿತ್ತು!

ಅತ್ತೆಯ ಸಂಭ್ರಮ ನನಗಿಂತ ಹೆಚ್ಚು. ಅಲ್ಲೇ ಕೂತು ಮೈಸೂರಿನ ತಂಗಿಗೆ ಫೋನ್ ಹಚ್ಚಿದರು. "ಕೇಳಿದ್ಯೇನೇ? ನನ್ನ ಸೊಸೆ ಕಲ್ಲು ತಂದಿದ್ಲಲ್ಲ, ಅದು ಹೆತ್ತಿದೆ ಕಣೇ!"

ಆ ಕಡೆಯಿಂದ ಚಿಕ್ಕತ್ತೆಯ ದನಿ ನಮಗೂ ಕೇಳಿಸಿತು: "ಏನು ಮಗು?"

ಅತ್ತೆ ಟಾರ್ಚ್ ಬೆಳಕಿನಲ್ಲಿ ಸಿಗಡಿಯನ್ನು ನೋಡಿದರು. ಆಮೇಲೆ, ಇನ್ನೂ ಎರಡು ಬಕೆಟ್ ಹಿಡಿದು ನಿಂತೇ ಇದ್ದ ತಮ್ಮ ಮಗನನ್ನು ನೋಡಿದರು.

"ಗಂಡೋ ಹೆಣ್ಣೋ ತಿಳೀಲಿಲ್ಲ ಕಣೇ. ಆದ್ರೆ ಹುಟ್ತಾ ಹುಟ್ತಾನೇ ಮನೆ ಯಜಮಾನನ ಕೈಗೆ ಬಕೆಟ್ ಕೊಟ್ಟಿದೆ!"