ಒಣ ಅಡುಗೆಮನೆ, ಹಸಿ ಅಡುಗೆಮನೆ ಮತ್ತು ರಾಷ್ಟ್ರೀಯತೆಯ ಉದಯ

ಇಬ್ಬರು ರಾಜರ ಜಗಳವನ್ನು ಪುಸ್ತಕದಲ್ಲಿ ಓದುವುದು ಬಹಳ ಸೊಗಸು. ಅವರ ನಡುವೆ ತಟ್ಟೆ ಹಿಡಿದು ಕೂತು ಊಟ ಮಾಡಬೇಕಾಗಿ ಬಂದಾಗಲೇ ಪ್ರಜೆಗಳ ಪಾಡು ಏನೆಂದು ತಿಳಿಯುವುದು. ಯುರೋಪಿನಲ್ಲಿ ರಾಷ್ಟ್ರೀಯತೆ ಹುಟ್ಟಿದ ಬಗೆಯನ್ನು ನಾನು ಹೈಸ್ಕೂಲಿನಲ್ಲಿ ಉರು ಹೊಡೆದು, ಪರೀಕ್ಷೆ ಮುಗಿದ ಸಂಜೆಯೇ ಮರೆತಿದ್ದೆ. ಅದು ಸರಿಯಾಗಿ ಅರ್ಥವಾದದ್ದು ಈ ವರ್ಷ, ಕಡಲಾಚೆಯ ಪುತ್ರಜಯಾ ಪಟ್ಟಣದ ಪಕ್ಕದ ನಮ್ಮ ಕಾಂಡೋ ಫ್ಲ್ಯಾಟಿನಲ್ಲಿ, ಮೈಸೂರಿನಿಂದ ನನ್ನ ಅಮ್ಮನೂ ಧಾರವಾಡದಿಂದ ನನ್ನ ಅತ್ತೆಯೂ ಒಂದೇ ವಾರದಲ್ಲಿ ಬಂದಿಳಿದ ಮೇಲೆ.

ಇಬ್ಬರೂ ಬರಲು ಕಾರಣ ನನ್ನ ಹೆಂಡತಿ ಸುಮಾಳ ಕಾಲು. ಬ್ಯಾಡ್ಮಿಂಟನ್ ಆಡುವಾಗ ಜಾರಿ ಬಿದ್ದು ಪ್ಲಾಸ್ಟರ್ ಹಾಕಿಸಿಕೊಂಡು ಸೋಫಾ ಹಿಡಿದಳು. ನಾನು ಅವಳಿಗೆ ಹೇಳದೆ ನನ್ನ ಅಮ್ಮನನ್ನು ಕರೆದೆ. ಅವಳು ನನಗೆ ಹೇಳದೆ ಅವಳ ಅಮ್ಮನನ್ನು ಕರೆದಳು. ಗಂಡ ಹೆಂಡತಿ ಒಬ್ಬರಿಗೊಬ್ಬರು ಅಚ್ಚರಿ ಕೊಡಬೇಕು ಅನ್ನುತ್ತಾರಲ್ಲ, ಹಾಗೆ. ಇಲ್ಲಿನ ಮನೆಗಳಲ್ಲಿ ಅಡುಗೆಮನೆ ಎರಡು. ಒಳಗೆ ಕಾಫಿ ತಿಂಡಿಗೆಂದು ಒಣ ಅಡುಗೆಮನೆ. ಗಾಜಿನ ಬಾಗಿಲಾಚೆ ಒಗ್ಗರಣೆ, ಹೊಗೆ, ಪಾತ್ರೆ ತೊಳೆಯುವುದಕ್ಕೆಂದು ಹಸಿ ಅಡುಗೆಮನೆ. ಅಮ್ಮ ಮೊದಲು ಬಂದವಳು, ಒಳಗಿನದರಲ್ಲಿ ಸಾರಿನ ಪುಡಿಯ ಡಬ್ಬ ಇಟ್ಟು ನೆಲೆಯೂರಿದಳು. ರೊಟ್ಟಿಗೆ ಬೆಂಕಿ ಬೇಕೆಂದು ಅತ್ತೆ ಗ್ಯಾಸ್ ಒಲೆ ಇರುವ ಹೊರಗಿನದನ್ನು ಹಿಡಿದರು. ಗಾಜಿನ ಬಾಗಿಲು ಗಡಿಯಾಯಿತು. ಬಾಗಿಲಿನ ಮೂಲಕ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮುಗುಳ್ನಗುತ್ತಿದ್ದರು. ಅಷ್ಟು ಒಳ್ಳೆಯ ನಗು ನೋಡಿದರೇ ನನಗೆ ಭಯವಾಗುತ್ತಿತ್ತು.

ಜಗಳವೇನೂ ಆಗಲಿಲ್ಲ. ಇಬ್ಬರೂ ಮರ್ಯಾದಸ್ಥರು. "ಬೀಗಿತ್ತಿಯಾರ ಸಾರು ಭಾಳ ಛಲೋ ಆಗೇದರಿ, ಕುಡಿಲಿಕ್ಕೆ" ಎಂದು ಅತ್ತೆ ಹೊಗಳಿದರು. "ಖಡಕ್ ರೊಟ್ಟಿನೂ ತುಂಬಾ ಚೆನ್ನಾಗಿದೆ ಕಣ್ರೀ, ಹಲ್ಲು ಗಟ್ಟಿ ಇರೋರಿಗೆ" ಎಂದು ಅಮ್ಮ ತಿರುಗಿ ಹೊಗಳಿದಳು. ಊಟಕ್ಕೆ ಎರಡು ಸಾರು, ಎರಡು ಪಲ್ಯ, ಎರಡು ಬಗೆಯ ಒಗ್ಗರಣೆ. ಅಮ್ಮನ ತೆಂಗಿನಕಾಯಿ ಹಾಕಿದ ಹುರುಳಿಕಾಯಿ ಪಲ್ಯ ಎರಡು ಸೌಟು ತಿಂದರೆ, ಅತ್ತೆಯ ಶೇಂಗಾ ಪುಡಿಯ ಎಣ್ಣೆಗಾಯಿಯನ್ನೂ ಅಷ್ಟೇ ತಿನ್ನಬೇಕು. ಎರಡು ರಾಜ್ಯಗಳ ಗಡಿಯಲ್ಲಿರುವವರು ಇಬ್ಬರಿಗೂ ಕಪ್ಪ ಕಟ್ಟುತ್ತಿದ್ದರಂತೆ. ನಾನು ಹೊಟ್ಟೆಯ ಮೂಲಕ ಕಟ್ಟಿದೆ. ಪ್ಯಾಂಟಿನ ಗುಂಡಿ ಅದಕ್ಕೆ ಸಾಕ್ಷಿ.

ಇದೇ ಹೊತ್ತಿಗೆ ನಮ್ಮ ಮಗಳು ಅನಘಾಳಿಗೆ ಶಾಲೆಯಲ್ಲಿ ರಾಷ್ಟ್ರೀಯತೆಯ ಉದಯದ ಬಗ್ಗೆ ಮಾತಾಡಬೇಕಾಗಿ ಬಂತು. ಅವಳು ಓದಿ ಹೇಳಿದ್ದನ್ನು ಕೇಳಿ ನಾನು ಬೆರಗಾದೆ. ಯುರೋಪಿನ ರಾಜರೆಲ್ಲ ಒಬ್ಬರ ಮಕ್ಕಳನ್ನು ಇನ್ನೊಬ್ಬರು ತಂದುಕೊಂಡು ಬೀಗರಾದವರಂತೆ. ಬೀಗರಾದ ಮೇಲೆ ಜಗಳವಾಡದೆ ಇರುವುದು ಹೇಗೆ ಸಾಧ್ಯ? ಅವರ ಯುದ್ಧದ ಖರ್ಚು ಹೊತ್ತು ಹೊತ್ತು ಸಾಕಾದ ಜನ ಒಂದು ದಿನ, ದೇಶ ಅರಮನೆಯ ಸ್ವತ್ತಲ್ಲ, ನಮ್ಮದು ಎಂದರು. ಆ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದವನ ಎದೆಗಾರಿಕೆ ನೆನೆದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ. ನಾನಂತೂ "ಇವತ್ತು ಒಂದೇ ಸಾರು ಸಾಕು" ಎಂದು ಹೇಳಲಾಗದೆ ಮೂರು ವಾರ ಕಳೆದಿದ್ದೆ.

ಹೇಳಿದವಳು ಅನಘಾ. ಒಂದು ಭಾನುವಾರ ಎರಡೂ ಕಡೆಯ ಸೌಟುಗಳು ತಟ್ಟೆಯ ಮೇಲೆ ಬಂದು ನಿಂತಾಗ, "ಅಜ್ಜಿ, ಈಟಿಂಗ್ ನಾವು, ಡಿಸೈಡಿಂಗ್ ನೀವು. ನಾಟ್ ಫೇರ್ ಲಾ" ಎಂದು ಇಲ್ಲಿನವರ ರಾಗದಲ್ಲಿ ಅಂದಳು. ಸೋಫಾದಿಂದ ಸುಮಾ, "ಹೌದಲ್ಲ" ಎಂದಳು. ಸೌಟುಗಳು ಕೆಳಗಿಳಿದವು. ಆಗ ನನಗೊಂದು ಯೋಚನೆ ಹೊಳೆಯಿತು.

ಈ ದೇಶದ ಬಗ್ಗೆ ನನಗೆ ಬಹಳ ಮೆಚ್ಚುಗೆಯಿರುವ ಸಂಗತಿ ಒಂದಿದೆ. ಇಲ್ಲಿ ಒಂಬತ್ತು ಮಂದಿ ಸುಲ್ತಾನರು. ಒಬ್ಬರಾದ ಮೇಲೊಬ್ಬರು ಐದೈದು ವರ್ಷ ದೇಶಕ್ಕೆಲ್ಲ ರಾಜರಾಗುತ್ತಾರೆ, ಸರದಿ ಮುಗಿದರೆ ಗೌರವದಿಂದ ತಮ್ಮ ರಾಜ್ಯಕ್ಕೆ ಮರಳುತ್ತಾರೆ. ಯುರೋಪಿನವರು ಊರಿಗೆ ಊರನ್ನೇ ಸುಟ್ಟುಕೊಂಡದ್ದನ್ನು ಇವರು ಸರದಿಯಲ್ಲಿ ಮುಗಿಸಿಬಿಟ್ಟರಲ್ಲ ಎಂದು ಅನೇಕ ಸಲ ಅಂದುಕೊಂಡಿದ್ದೇನೆ. ಅದನ್ನೇ ಮನೆಗೂ ತಂದೆ. ಒಂದು ವಾರ ಅತ್ತೆ, ಒಂದು ವಾರ ಅಮ್ಮ. ಇಬ್ಬರೂ ಒಪ್ಪಿದರು. ಸುಲ್ತಾನರಿಗೆ ಮರಳಿ ಹೋಗಲು ಸ್ವಂತ ರಾಜ್ಯವಿರುತ್ತದೆ, ನನ್ನ ಅಮ್ಮನಿಗೆ ಇಲ್ಲಿ ಟಿವಿ ಮುಂದಿನ ಕುರ್ಚಿ ಮಾತ್ರ ಇದೆ ಎಂಬುದು ನನಗೆ ಹೊಳೆಯಲಿಲ್ಲ.

ಅತ್ತೆಯ ವಾರ. ಅಮ್ಮ ಕೊತ್ತಂಬರಿ ಸೊಪ್ಪು ಬಿಡಿಸಲು ಹೋದರೆ, "ನೀವು ಕೂಡ್ರಿ ಬೀಗಿತ್ತಿಯಾರ, ನಾ ಮಾಡ್ತೀನಿ" ಎಂದರು. ಪ್ರೀತಿಯಿಂದಲೇ ಅಂದದ್ದು. ಅಮ್ಮ ಕೂತಳು. ಮೂರನೆಯ ದಿನ ನನ್ನನ್ನು ಬಾಲ್ಕನಿಗೆ ಕರೆದು, "ಊರಿಗೆ ಹೋಗೋ ಟಿಕೆಟ್ ಈಗ್ಲೇ ಮಾಡಿಸಪ್ಪ. ಇಲ್ಲಿ ನಾನು ಯಾರಿಗೆ ಬೇಕು?" ಎಂದಳು. ಕಣ್ಣು ತುಂಬಿತ್ತು. ಅಪ್ಪ ಹೋದಮೇಲೆ ಅವಳನ್ನು ಇಲ್ಲಿಗೆ ಬರುವಂತೆ ಒಪ್ಪಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಈಗ ಹೀಗೆ ಹೋದರೆ ಮತ್ತೆ ಬರುವವಳಲ್ಲ.

ಗಾಬರಿಯಲ್ಲಿ ಮನುಷ್ಯ ಸರ್ವಾಧಿಕಾರಿಯಾಗುತ್ತಾನೆ. ಕ್ರಾಂತಿಯಾದ ಮೇಲೆ ಫ್ರಾನ್ಸಿನಲ್ಲಿ ಒಬ್ಬ ಸೇನಾಪತಿ ಎಲ್ಲರ ಒಳ್ಳೆಯದಕ್ಕೆಂದು ಕಿರೀಟ ತಾನೇ ಇಟ್ಟುಕೊಂಡ ಹಾಗೆ, ನಾನೂ ಆಫೀಸಿನಿಂದ ಬರುವಾಗ ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಊಟ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಬಂದೆ. "ಇನ್ನು ಮೇಲೆ ಇಬ್ಬರೂ ಆರಾಮಾಗಿರಿ. ದಿನಾ ಊಟ ಹೊರಗಿನಿಂದಲೇ" ಎಂದು ಘೋಷಿಸಿದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದ ಸಾಂಬಾರನ್ನು ಮೇಜಿನ ಮೇಲಿಟ್ಟೆ.

ಅಮ್ಮ ಚೀಲವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅತ್ತೆ ಹತ್ತಿರ ಬಂದು ತಾವೂ ನೋಡಿದರು. ನಮ್ಮ ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಂದೇ ವಸ್ತುವನ್ನು ಒಂದೇ ಮುಖಭಾವದಿಂದ ನೋಡಿದ್ದು ನಾನು ಕಂಡಿರಲಿಲ್ಲ.

"ಬೇಳೆ ಎಲ್ಲಿ?" ಎಂದಳು ಅಮ್ಮ.

"ಹುಡುಕಬೇಕರಿ," ಎಂದರು ಅತ್ತೆ. "ನಮ್ಮ ಕಡೆ ಇದಕ್ಕ ಸಾಂಬಾರ ಅನ್ನೂದಿಲ್ಲ. ಹೌದಿಲ್ರಿ?"

"ನಮ್ಮ ಕಡೆ ಯಾರೂ ಅನ್ನಲ್ಲ" ಎಂದಳು ಅಮ್ಮ. "ಪಾಪ, ಕಾಲು ನೋವಿನ ಹುಡುಗಿಗೆ ಇದನ್ನ ಕೊಡೋದಾ? ನೀವು ಹಿಟ್ಟು ಕಲಸಿ, ನಾನು ಬೇಳೆ ಇಡ್ತೀನಿ."

ಗಾಜಿನ ಬಾಗಿಲು ಸರಿಯಿತು. ನಾನು ನಿಂತಲ್ಲೇ ನಿಂತೆ. ಅಲ್ಲಿಯವರೆಗೆ ಅತ್ತೆಯ "ನಮ್ಮ ಕಡೆ" ಮಲಪ್ರಭೆ ದಾಟುತ್ತಿರಲಿಲ್ಲ, ಅಮ್ಮನದು ಮಂಡ್ಯದಲ್ಲೇ ನಿಂತುಬಿಡುತ್ತಿತ್ತು. ಈಗ ಎರಡೂ ಸೇರಿ ಒಂದು ದೊಡ್ಡ ನಾಡಾಗಿತ್ತು. ಎಂದೂ ಮುಖ ನೋಡದ ಊರುಗಳ ಜನ, ಆ ಸೇನಾಪತಿಯಂಥ ಹೊರಗಿನವನೊಬ್ಬ ಏರಿ ಬಂದಾಗ, ಅರೆ ನಾವೆಲ್ಲ ಒಂದೇ ಅಲ್ಲವೇ ಎಂದು ಕಂಡುಕೊಂಡರಂತೆ. ಅದರಲ್ಲಿ ಕೆಡುಕೂ ಉಂಟು, ಮಗಳ ಪುಸ್ತಕದ ಮುಂದಿನ ಅಧ್ಯಾಯಗಳಲ್ಲಿ ಬರುತ್ತದೆ. ಆದರೆ ಆ ಮೊದಲ ಗಳಿಗೆ ನಿಜಕ್ಕೂ ಸುಂದರ. ಆ ರಾತ್ರಿ ಬಿಸಿ ರೊಟ್ಟಿಯನ್ನು ಅಮ್ಮನ ಸಾರಿನಲ್ಲಿ ಅದ್ದಿ ತಿಂದೆವು. ಇಷ್ಟು ರುಚಿ ಎರಡು ಅಡುಗೆಮನೆಗಳ ನಡುವೆ ಸುಮ್ಮನೆ ಬಿದ್ದಿತ್ತಲ್ಲ ಅನ್ನಿಸಿತು.

"ಎಲ್ಲ ನನ್ನ ಉಪಾಯ" ಎಂದು ನಾನು ಮಗಳ ಹತ್ತಿರ ಕೊಚ್ಚಿಕೊಂಡೆ. "ಅಪ್ಪಾ, ಯೂ ವರ್ ದ ಇನ್ವೇಡರ್" ಎಂದಳು. "ಆ ಫ್ರೆಂಚ್ ಜನರಲ್‌ನ ಆಮೇಲೆ ಐಲ್ಯಾಂಡ್‌ಗೆ ಕಳಿಸಿದ್ರು, ಯೂ ನೋ."

ಮರುವಾರವೇ ಆಫೀಸಿನವರು ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನ ಕಾರ್ಖಾನೆಯ ಕೆಲಸಕ್ಕೆ ನನ್ನನ್ನು ಹದಿನೈದು ದಿನ ಕಳಿಸಿದರು. ಮನೆಯಲ್ಲಿ ಯಾರಾದರೂ ಬೇಡ ಎಂದಾರೇನೋ ಎಂದು ಕಾದೆ. "ಹೋಗಿ ಬಾ, ನಾವಿದೀವಲ್ಲ" ಎಂದಳು ಅಮ್ಮ. "ಅವಸರ ಮಾಡಬ್ಯಾಡ್ರಿ" ಎಂದರು ಅತ್ತೆ.

ನಿನ್ನೆ ಈ ದ್ವೀಪದಿಂದ ಫೋನ್ ಮಾಡಿ, ಧೈರ್ಯ ತಂದುಕೊಂಡು ಕೇಳಿದೆ: "ಅಮ್ಮ, ಟಿಕೆಟ್ ವಿಷಯ ಏನು ಮಾಡ್ಲಿ?" ಹಿಂದಿನಿಂದ ಪಟಪಟ ಸದ್ದು, ಅತ್ತೆಯ ನಗು.

"ಯಾವ ಟಿಕೆಟ್ಟೋ? ಆಮೇಲೆ ಮಾಡು, ಕೈಯೆಲ್ಲ ಹಿಟ್ಟು. ರೊಟ್ಟಿ ಬಡೀತಿದೀನಿ" ಎಂದು ಅಮ್ಮ ಫೋನ್ ಇಟ್ಟುಬಿಟ್ಟಳು.

ಜನ್ಮದಲ್ಲಿ ನನ್ನ ಅಮ್ಮ ರೊಟ್ಟಿ ಬಡಿದವಳಲ್ಲ. ಬಹಳ ಹೊತ್ತು ಫೋನು ಹಿಡಿದುಕೊಂಡು ಖುಷಿಪಟ್ಟೆ. ಆಮೇಲೆ ಕೆಳಗಿಳಿದು ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಸಾಂಬಾರು ತಂದು ಒಬ್ಬನೇ ಊಟ ಮಾಡಿದೆ. ಬೇಳೆ ಇರಲಿಲ್ಲ.