ಹೆಚ್ಚಾದ ಎರಡು ಕಿಲೋ

"ಈ ಎರಡು ಕಿಲೋ ಎಲ್ಲಿಂದ ಬಂತು?"

ಕಡ್ಡಿ ಇದನ್ನು ಯಾರನ್ನೂ ಕೇಳಲಿಲ್ಲ. ಕೇಳೋಣವೆಂದರೆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಬೆಳಗಿನ ಏಳು ಗಂಟೆ. ತಗಡಿನ ಮಾಡಿನ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ನಡುವೆ ಉದ್ದನೆಯ ರೆಕ್ಕೆಗಳನ್ನು ಚಾಚಿಕೊಂಡು, ಮೂರು ಗಾಲಿಗಳನ್ನು ಮೂರು ತಕ್ಕಡಿಗಳ ಮೇಲೆ ಊರಿಕೊಂಡು, ಸೌರವಿಮಾನ ತನಗೂ ಈ ಪ್ರಶ್ನೆಗೂ ಏನೇನೂ ಸಂಬಂಧವಿಲ್ಲವೆಂಬಂತೆ ನಿಂತಿತ್ತು.

ಕಡ್ಡಿ ಮತ್ತೊಮ್ಮೆ ಕೂಡಿದ. ಮೂರು ತಕ್ಕಡಿ ಸೇರಿ ನೂರಾಮೂರು ಕಿಲೋ ನಾನೂರು ಗ್ರಾಂ. ಇರಬೇಕಾದದ್ದು ನೂರಾ ಒಂದು. ಕೆಳಗಿನಿಂದ ಮೇಲಕ್ಕೆ ಕೂಡಿದ, ಮೇಲಿನಿಂದ ಕೆಳಕ್ಕೆ ಕೂಡಿದ, ಕಣ್ಣು ಮುಚ್ಚಿ ದೇವರನ್ನು ನೆನೆದು ಕೂಡಿದ. ಎರಡು ಕಿಲೋ ನಾನೂರು ಗ್ರಾಂ ಬಿಟ್ಟೂ ಬಿಡದೆ ಕೂತಿತ್ತು, ಊಟದ ಹೊತ್ತಿಗೆ ಬಂದ ನೆಂಟನ ಹಾಗೆ.

ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಸೇರಿ ಎರಡು ವರ್ಷ ಬೆವರು ಸುರಿಸಿ ಕಟ್ಟಿದ ವಿಮಾನ ಅದು. ಬಿಸಿಲೇ ಅದರ ಆಹಾರ. ಒಬ್ಬನೇ ಅದರ ಸವಾರ. ವಿಮಾನಯಾನ ಕಚೇರಿಯಿಂದ ಬಂದ ಪರವಾನಗಿ ಪತ್ರ ಒಂದೇ ದಿನಕ್ಕೆ, ಒಂದೇ ಹಾರಾಟಕ್ಕೆ. ಆ ದಿನ ಇವತ್ತು. ವಿಮಾನವೂ ಸವಾರನೂ ಸೇರಿ ನೂರೈವತ್ತು ಕಿಲೋ ದಾಟಕೂಡದು ಎಂದು ಪತ್ರದಲ್ಲಿ ಕೆಂಪಕ್ಷರದಲ್ಲಿ ಬರೆದಿತ್ತು. ಹನ್ನೊಂದು ಗಂಟೆಗೆ ತಪಾಸಣಾಧಿಕಾರಿ ಬರುತ್ತಾರೆ, ತೂಗುತ್ತಾರೆ, ಸಹಿ ಹಾಕುತ್ತಾರೆ. ಸೂರ್ಯ ನೆತ್ತಿಗೆ ಬಂದಾಗ ವಿಮಾನ ಏಳಬೇಕು.

ಏಳಿಸುವವನು ಕಡ್ಡಿ. ಧೈರ್ಯ ನೋಡಿ ಆರಿಸಿದ್ದಲ್ಲ, ಎಲುಬು ನೋಡಿ ಆರಿಸಿದ್ದು. ಇಡೀ ತಂಡದಲ್ಲಿ ಅವನೇ ಹಗುರ: ನಲವತ್ತೊಂಬತ್ತು ಕಿಲೋ. ಅಲ್ಲಿಯವರೆಗೆ ಅವನನ್ನು ಯಾರೂ ಯಾವುದಕ್ಕೂ ಆರಿಸಿದ್ದಿಲ್ಲ. ಆಟದಲ್ಲಿ ಚೆಂಡು ಹುಡುಕಲು, ನಾಟಕದಲ್ಲಿ ಪರದೆ ಎಳೆಯಲು, ಗುಂಪಿನ ಫೋಟೋದಲ್ಲಿ ಫೋಟೋ ತೆಗೆಯಲು ಅವನು. ಈಗ ಮೊದಲ ಸಲ ಅವನೊಬ್ಬನಿಂದಲೇ ಆಗುವ ಕೆಲಸ ಒದಗಿತ್ತು. ಅದಕ್ಕೆಂದೇ ಆರು ತಿಂಗಳು ಹಾರಾಟ ಕಲಿತು ಪೈಲಟ್ ಪರವಾನಗಿ ಪಡೆದಿದ್ದ. ಅದಕ್ಕೆಂದೇ ಎರಡು ತಿಂಗಳಿಂದ ಅರೆಹೊಟ್ಟೆ. ಹಾಸ್ಟೆಲಿನ ಅಡುಗೆಯವರು ಅವನ ತಟ್ಟೆಯನ್ನು ತೊಳೆಯದೆಯೇ ಎತ್ತಿಡುವಷ್ಟು ಅರೆಹೊಟ್ಟೆ. ಮಗ ಹಾರುವುದನ್ನು ನೋಡಲು ಅಮ್ಮ ಹನ್ನೊಂದರ ಬಸ್ಸಿಗೆ ಬರುವವಳಿದ್ದಳು.

ತಂಡದಲ್ಲೊಂದು ಪದ್ಧತಿಯಿತ್ತು. ಯಾರು ಏನು ಮಾಡಿದರೂ, ಅದು ರೆಕ್ಕೆಯ ಪಟ್ಟಿಯಾಗಲಿ, ಚೋಟುದ್ದದ ತಿರುಪಾಗಲಿ, ತೂಗಿ ಚೀಟಿ ಬರೆದು ಸಹಿ ಹಾಕಿ ಅಂಟಿಸಬೇಕು. ಚೀಟಿಗಳನ್ನು ಕೂಡುವ ಕೆಲಸವೂ ಕಡ್ಡಿಯದೇ. ಅವನು ವಿಮಾನದ ಸುತ್ತ ಒಂದು ಸುತ್ತು ಬಂದು ಪ್ರತಿಯೊಂದು ಚೀಟಿಯನ್ನೂ ಓದಿದ. ಎಲ್ಲ ಸರಿಯಾಗಿತ್ತು. ಕೊನೆಗೆ ಒಂದು ಚೀಟಿಯ ಮೂಲೆ ಕೀಳಲು ಹೋದಾಗ ಬೆರಳು ಅಂಟಿಕೊಂಡಿತು.

ಅಂಟು!

ಹಲಗೆ ತೂಗಿದ್ದರು, ಬಟ್ಟೆ ತೂಗಿದ್ದರು, ದಾರ ತೂಗಿದ್ದರು. ಅವನ್ನೆಲ್ಲ ಹಿಡಿದಿಟ್ಟ ಅಂಟಿಗೆ ಯಾರೂ ಚೀಟಿ ಬರೆದಿರಲಿಲ್ಲ. ಎರಡು ವರ್ಷ ಅಂಟಿಸಿದ್ದೆಲ್ಲ ಸೇರಿ ಎರಡು ಕಿಲೋ ನಾನೂರು ಗ್ರಾಂ. ಅಂಟನ್ನು ತೆಗೆದರೆ ವಿಮಾನವಿಲ್ಲ, ಬಿಟ್ಟರೆ ಹಾರಾಟವಿಲ್ಲ.

ಎಂಟು ಗಂಟೆಗೆ ಬ್ಯಾಟರಿ ಬಂದ. ಬ್ಯಾಟರಿಗಳನ್ನು ನೋಡಿಕೊಳ್ಳುತ್ತಿದ್ದುದರಿಂದ ಅವನಿಗೆ ಆ ಹೆಸರು. ಕಡ್ಡಿ ಅವನನ್ನು ಮೂಲೆಗೆಳೆದ.

"ಲೋ, ಎರಡೂವರೆ ಕಿಲೋ ಜಾಸ್ತಿ ಆಗಿದೆ ಕಣೋ. ನಿನ್ನ ಕೈಲಿ ಕಮ್ಮಿ ಮಾಡೋಕಾಗುತ್ತಾ?"

"ನಾನೇ ಯಾಕೆ? ರೆಕ್ಕೆಯಕ್ಕನ್ನ ಕೇಳು."

"ಅಕ್ಕನ ಕೈಲಿ ಆಗಲ್ಲ ಅಂತಲೇ ನಿನ್ನ ಹತ್ರ ಬಂದೆ. ಯಾರಿಗೂ ಹೇಳ್ಬೇಡ."

ಬ್ಯಾಟರಿಯ ಎದೆ ಎರಡಂಗುಲ ಉಬ್ಬಿತು. "ಅವಳ ಕೈಲಿ ಆಗಲ್ವಾ? ನೋಡ್ತಿರು."

ಆಮೇಲೆ ಕಡ್ಡಿಗೆ ಅನುಮಾನ ಬಂತು. ಇವನು ಬಾಯಲ್ಲಿ ಹೇಳಿದ್ದಾನೆ, ಮಾಡದಿದ್ದರೆ? ರೆಕ್ಕೆಗಳ ಹೊಣೆ ಹೊತ್ತಿದ್ದ ರೆಕ್ಕೆಯಕ್ಕ ಬಂದಳು. ಕೊನೆಯ ವರ್ಷದವಳು, ಸ್ಪ್ಯಾನರ್ ಹಿಡಿದಾಗ ಅವಳ ಎದುರು ಉಸಿರಾಡಲೂ ಅಪ್ಪಣೆ ಬೇಕು.

"ಅಕ್ಕಾ, ನಿಮ್ಮೊಬ್ಬರ ಮೇಲೇ ನಂಬಿಕೆ..."

"ಪೀಠಿಕೆ ಬೇಡ. ಎಷ್ಟು?"

"ಎರಡೂವರೆ ಕಿಲೋ. ಬ್ಯಾಟರಿ ಕೈಲಿ ಆಗೋ ಕೆಲಸ ಅಲ್ಲ."

"ಅದು ನಂಗೆ ಗೊತ್ತು. ಹೋಗು, ಬಾಯಿ ಮುಚ್ಕೊಂಡಿರು."

ಆಕೆಯೂ ಕೈಕೊಟ್ಟರೆ? ವರ್ಕ್‌ಶಾಪಿನ ಮೇಸ್ತ್ರಿ ಮೂವತ್ತು ವರ್ಷದಿಂದ ಮರ ಕೊಯ್ಯುತ್ತಿದ್ದವರು. ಹುಡುಗರ ಲೆಕ್ಕಾಚಾರಗಳನ್ನು ಕಿವಿಯ ಮೇಲಿನ ಪೆನ್ಸಿಲಿನಷ್ಟೂ ನಂಬದವರು. ಕಡ್ಡಿಯ ಮಾತು ಮುಗಿಯುವ ಮೊದಲೇ, "ಈ ಓದಿದವರ ಕೈಲಿ ಏನಾಗುತ್ತೆ ಮಗಾ? ನೀನು ಬಂದ ಜಾಗ ಸರಿಯಾಗಿದೆ" ಎಂದು ಗರಗಸಕ್ಕೆ ಎಣ್ಣೆ ಸವರತೊಡಗಿದರು.

ಇನ್ನುಳಿದದ್ದು ಬಾಲ. ಅದನ್ನು ಕಟ್ಟಿದವನು ಸ್ವತಃ ಕಡ್ಡಿ. ಗರಗಸ ಹಿಡಿದು ಅದರ ಮುಂದೆ ಕೂತ. ಒಂದೊಂದು ಪಟ್ಟಿಯನ್ನೂ ರಾತ್ರಿಹಗಲು ಉಜ್ಜಿ ನುಣುಪು ಮಾಡಿದ ಬಾಲ! ಕೈ ಬರಲಿಲ್ಲ. ಮೂವರಿಗೆ ಹೇಳಿಯಾಗಿದೆಯಲ್ಲ, ಯಾರಾದರೊಬ್ಬರು ಮಾಡಿಯೇ ಮಾಡುತ್ತಾರೆ. ತನ್ನ ಪಾಲಿಗೆ ಬೇರೇನಾದರೂ ತೆಗೆದರಾಯಿತು ಎಂದುಕೊಂಡು ಗೇಟಿನೆದುರಿನ ಕ್ಷೌರದಂಗಡಿಗೆ ಹೋದ.

"ಎಷ್ಟು ತೆಗೀಲಿ?" ಎಂದ ಕ್ಷೌರಿಕ.

"ಎಷ್ಟಿದೆಯೋ ಅಷ್ಟೂ."

ತೆಗೆದದ್ದನ್ನು ಕಡ್ಡಿ ಕಾಗದದಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಹೊರಟಾಗ ಕ್ಷೌರಿಕ ಕತ್ತರಿ ಹಿಡಿದ ಕೈಯನ್ನು ಹಾಗೆಯೇ ಎತ್ತಿಕೊಂಡು ಬಾಗಿಲ ತನಕ ಬಂದು ನೋಡಿದ. ಎಪ್ಪತ್ತು ಗ್ರಾಂ ಬಂತು. ಕಡ್ಡಿ ಚೀಟಿ ಬರೆದು ಸಹಿ ಹಾಕಿದ.

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಶೆಡ್ಡಿಗೆ ಮರಳಿದರೆ, ವಿಮಾನ ಮೈದಾನದ ಅಂಚಿಗೆ ಬಂದಿತ್ತು. ಆದರೆ ಅದು ನಿಂತಿರಲಿಲ್ಲ, ಕೂತಿತ್ತು. ಬಾಲವನ್ನು ನೆಲಕ್ಕೂರಿ, ಮೂತಿಯನ್ನು ಮುಗಿಲಿಗೆತ್ತಿ, ಯಜಮಾನನ ದಾರಿ ಕಾಯುವ ನಾಯಿಯ ಹಾಗೆ ಕೂತಿತ್ತು. ಸುತ್ತ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ನೀನ್ಯಾಕೋ ಬ್ಯಾಟರಿ ತೆಗೆದೆ?" ರೆಕ್ಕೆಯಕ್ಕ ಗುಡುಗಿದಳು.

"ಕಡ್ಡಿ ಹೇಳ್ದ. ಒಂದು ಬ್ಯಾಟರಿ, ಅದರ ಚೌಕಟ್ಟು, ಒಟ್ಟು ಐದು ಕಿಲೋ. ಹಗಲು ಹಾರೋದಕ್ಕೆ ಒಂದು ಸಾಕು. ನೀವ್ಯಾಕಕ್ಕ ರೆಕ್ಕೆ ತುದಿ ಕೊಯ್ದಿದ್ದೀರಾ?"

"ನಂಗೂ ಕಡ್ಡಿನೇ ಹೇಳ್ದ. ನಾಲ್ಕು ಕಿಲೋ."

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. "ನಾನು ಸೀಟಿನ ಮರ ಪೂರ್ತಿ ತೆಗೆದು ಬಟ್ಟೆ ಬಿಗಿದಿದ್ದೀನಿ. ಆರು ಕಿಲೋ. ಸುಮ್ನೆ ಹೇಳ್ಬಾರ್ದು, ಚೆನ್ನಾಗಿ ಬಂದಿದೆ."

ಮೂರು ಜೋಡಿ ಕಣ್ಣುಗಳು ಕಡ್ಡಿಯ ಬೋಳುತಲೆಯ ಮೇಲೆ ಬಂದು ನಿಂತವು.

"ಬಾಲದಿಂದ ಎಷ್ಟು ತೆಗೆದೆ?" ಎಂದಳು ರೆಕ್ಕೆಯಕ್ಕ.

ಕಡ್ಡಿ ಮೆಲ್ಲಗೆ ಪೊಟ್ಟಣ ತೋರಿಸಿದ.

ಅಷ್ಟರಲ್ಲಿ ತಂಡದ ಮಾರ್ಗದರ್ಶಕ ಪ್ರೊಫೆಸರು ಅಧಿಕಾರಿಯನ್ನು ಕರೆತಂದರು. ಅಧಿಕಾರಿ ಗಿಡ್ಡ, ಗುಂಡಗೆ, ಕಂಕುಳಲ್ಲಿ ಕಡತ, ಮುಖದಲ್ಲಿ ಸಹಿ ಹಾಕಿ ಹಾಕಿ ಬಂದ ಬೇಸರ. ಅವರು ವಿಮಾನವನ್ನು ಬಹಳ ಹೊತ್ತು ನೋಡಿದರು.

"ಇದು ಹೀಗೇ ಕೂರುತ್ತಾ?"

"ಇಲ್ಲ ಸಾರ್, ಸವಾರ ಹತ್ತಿದ ಕೂಡಲೇ ಏಳುತ್ತೆ" ಎಂದರು ಪ್ರೊಫೆಸರು, ತಮಗೇ ನಂಬಿಕೆಯಿಲ್ಲದೆ.

ಕಡ್ಡಿ ಹತ್ತಿದ. ವಿಮಾನ ಏಳಲಿಲ್ಲ. ಮುಂದಕ್ಕೆ ಬಾಗಿದ, ಉಸಿರು ಬಿಗಿಹಿಡಿದ. ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ರೆಕ್ಕೆಯಕ್ಕ ನೆಲದ ಮೇಲೆ ಕೂತು ಲೆಕ್ಕ ಹಾಕಿ ತಲೆಯೆತ್ತಿದಳು. "ಮುಂದಿನ ಭಾರವೆಲ್ಲ ಹೋಗಿದೆ, ಇನ್ನು ಸೀಟಿನಲ್ಲಿ ಅರವತ್ತೊಂದು ಕಿಲೋ ಬೇಕು. ಕಮ್ಮಿಯಾದ್ರೆ ಬಾಲ ಕೂರುತ್ತೆ, ಜಾಸ್ತಿಯಾದ್ರೆ ನೂರೈವತ್ತು ದಾಟುತ್ತೆ."

"ಕೊಯ್ದಿದ್ದನ್ನ ವಾಪಸ್ ಅಂಟಿಸಿ" ಎಂದರು ಪ್ರೊಫೆಸರು.

"ಎಲ್ಲದಕ್ಕೂ, ಬ್ಯಾಟರಿ ಚೌಕಟ್ಟಿಗೂ ಅಂಟೇ ಬೇಕು. ಅದು ಒಣಗೋಕೆ ನಾಳೆ ಸಂಜೆ ಆಗುತ್ತೆ ಸಾರ್" ಎಂದಳು ರೆಕ್ಕೆಯಕ್ಕ.

ಕಡ್ಡಿ ತನ್ನ ಎಲುಬುಗಳನ್ನು ನೋಡಿಕೊಂಡ. ಎರಡು ತಿಂಗಳು ಹಸಿದು ಕಡಿಮೆಯಾದದ್ದು ತಪ್ಪಾಯಿತೇ? ಹನ್ನೆರಡು ಕಿಲೋ ಹೆಚ್ಚಾಗಬೇಕು, ಒಂದು ಗಂಟೆಯೊಳಗೆ! ಆ ಹೊತ್ತಿಗೆ ಸರಿಯಾಗಿ ಅಮ್ಮ ಬಂದಳು. ಕೈಯಲ್ಲಿ ನಾಲ್ಕಂತಸ್ತಿನ ಊಟದ ಡಬ್ಬಿ.

"ಇದೇನೋ ಇದು ತಲೆ! ಯಾರೋ ಹೀಗೆ ಮಾಡಿದ್ದು?"

"ಆಮೇಲೆ ಹೇಳ್ತೀನಮ್ಮ. ಡಬ್ಬಿ ಕೊಡು. ಎಲ್ಲಾ ಕೊಡು."

ಎರಡು ತಿಂಗಳಿಂದ ಫೋನಿನಲ್ಲಿ "ಊಟ ಮಾಡೋ" ಎಂದು ಗೋಗರೆದಿದ್ದ ತಾಯಿಗೆ ಕಣ್ಣಲ್ಲಿ ನೀರು ಬಂತು. ಮೊದಲ ಅಂತಸ್ತು ಖಾಲಿಯಾಯಿತು, ಎರಡನೆಯದು ಖಾಲಿಯಾಯಿತು; ಮೂರನೆಯದು ಮುಗಿಯುವ ಹೊತ್ತಿಗೆ ಅಮ್ಮನಿಗೇ ಗಾಬರಿಯಾಗಿ ನಾಲ್ಕನೆಯದನ್ನು ಸೆರಗಿನಡಿ ಬಚ್ಚಿಟ್ಟಳು. ಕಡ್ಡಿ ಅದನ್ನೂ ಕಿತ್ತುಕೊಂಡು ತಿಂದು, ಮೂರು ಬಾಟಲಿ ನೀರು ಕುಡಿದು, ತುಂಬಿದ ಕೊಡದ ಹಾಗೆ ತುಳುಕದಂತೆ ನಡೆದು ತಕ್ಕಡಿ ಹತ್ತಿದ.

"ಐವತ್ತೆರಡೂವರೆ" ಎಂದ ಬ್ಯಾಟರಿ. "ಇನ್ನೂ ಎಂಟೂವರೆ. ಬಾಯಿ ತೆಗಿ, ಮೈದಾನದಲ್ಲಿ ಕಲ್ಲಿದೆ."

"ಸಾರ್, ತೊಡೆ ಮೇಲೆ ಮರಳಿನ ಚೀಲ ಇಟ್ಕೋತೀನಿ" ಎಂದು ಕಡ್ಡಿ ಅಧಿಕಾರಿಯ ಬಳಿ ಗೋಗರೆದ.

"ಚೀಲ ಜಾರಿದ್ರೆ? ಸಡಿಲ ತೂಕ ನಿಷಿದ್ಧ" ಎಂದರು ಅವರು.

ಬೇರೆಯವರನ್ನು ತೂಗಿದ್ದಾಯಿತು. ಬ್ಯಾಟರಿ ಎಂಬತ್ತು. ರೆಕ್ಕೆಯಕ್ಕ ಐವತ್ತೈದು. ಪ್ರೊಫೆಸರು ಎಪ್ಪತ್ತೊಂದು, ಕನ್ನಡಕ ತೆಗೆದು ಮತ್ತೆ ಹತ್ತಿದರೂ ಎಪ್ಪತ್ತೊಂದೇ. ಸೂರ್ಯ ನೆತ್ತಿಯತ್ತ ಸರಿಯುತ್ತಿದ್ದ. ಯಾರೂ ನೋಡುತ್ತಿಲ್ಲವೆಂದುಕೊಂಡು ಅಧಿಕಾರಿ ಕಡತ ಕೆಳಗಿಟ್ಟು, ಬೂಟು ಕಳಚಿ, ತಕ್ಕಡಿಯ ಮೇಲೆ ನಿಂತರು.

"ಅರವತ್ತೊಂದು!" ಬ್ಯಾಟರಿ ಕಿರುಚಿದ.

"ಸಾರ್, ಸ್ವಲ್ಪ ಕೂತು ನೋಡ್ತೀರಾ? ಲೆಕ್ಕ ಸರಿಯಿದೆಯಾ ಅಂತ ಪರೀಕ್ಷೆಗೆ" ಎಂದಳು ರೆಕ್ಕೆಯಕ್ಕ.

ಅಧಿಕಾರಿ ಬೇಡಬೇಡವೆನ್ನುತ್ತಲೇ ಹತ್ತಿದರು. ಬಟ್ಟೆಯ ಸೀಟು ಅವರನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡಿತು. ಬಾಲ ನೆಲ ಬಿಟ್ಟು ಮೆಲ್ಲಗೆ, ಮೆಲ್ಲಮೆಲ್ಲಗೆ ಮೇಲೆದ್ದಿತು; ವಿಮಾನ ಸಮನಾಗಿ ನಿಂತು ಗಾಳಿಗೆ ಒಮ್ಮೆ ಮಿಡುಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧಿಕಾರಿಯ ಕೈ ತಾನಾಗಿ ಹಿಡಿಕೋಲಿನ ಮೇಲೆ ಹೋಗಿತ್ತು.

"ಸಿಕ್ತು! ಸಿಕ್ತು!" ಪ್ರೊಫೆಸರು ನಿಯಮದ ಪುಸ್ತಕ ಹಿಡಿದು ಓಡಿಬಂದರು. "ಸಡಿಲ ತೂಕ ತಾನೇ ನಿಷಿದ್ಧ? ಬೋಲ್ಟ್ ಹಾಕಿ ಬಿಗಿದ ತೂಕಕ್ಕೆ ಅನುಮತಿ ಇದೆ, ನಲವತ್ತನೇ ಪುಟ!"

ಮೇಸ್ತ್ರಿ ಅಷ್ಟರಲ್ಲಾಗಲೇ ವರ್ಕ್‌ಶಾಪಿನಿಂದ ಕಬ್ಬಿಣದ ಪಟ್ಟಿಗಳನ್ನು ಹೊತ್ತು ತಂದಿದ್ದರು. "ಎಂಟೂವರೆ ಕಿಲೋ, ಒಂದು ಗ್ರಾಮೂ ಹೆಚ್ಚಿಲ್ಲ. ಸೀಟಿನ ಕೆಳಗೆ ನಾಲ್ಕು ಬೋಲ್ಟು, ಐದು ನಿಮಿಷದ ಕೆಲಸ."

ಕಡ್ಡಿಗೆ ಜೀವ ಬಂತು. ಅಧಿಕಾರಿ ನಲವತ್ತನೇ ಪುಟವನ್ನು ಎರಡು ಸಲ ಓದಿದರು. ಕೂತಲ್ಲೇ ಕಡತ ತರಿಸಿಕೊಂಡು, ತೊಡೆಯ ಮೇಲಿಟ್ಟು, ಮೂರು ಕಡೆ ಸಹಿ ಹಾಕಿದರು.

"ನಿಯಮ ಸರಿಯಾಗಿದೆ. ತೂಕ ಸರಿಯಾಗಿದೆ. ಈ ಹುಡುಗನ ಪರವಾನಗಿಯೂ ಸರಿಯಾಗಿದೆ. ಹಾರಬಹುದು."

ಅಮ್ಮ ಎರಡೂ ಕೈ ಜೋಡಿಸಿದಳು. ಕಡ್ಡಿ ಹೆಲ್ಮೆಟ್ಟಿಗೆ ಕೈ ಚಾಚಿದ. ಅದು ಇದ್ದ ಜಾಗದಲ್ಲಿರಲಿಲ್ಲ. ಅಧಿಕಾರಿಯ ತಲೆಯ ಮೇಲಿತ್ತು.

"ಇಪ್ಪತ್ತಾರು ವರ್ಷದಿಂದ ಬೇರೆಯವರು ಹಾರೋದಕ್ಕೆ ಸಹಿ ಹಾಕ್ತಾ ಇದ್ದೀನಿ" ಎಂದರು ಅವರು, ಯಾರ ಕಡೆಗೂ ನೋಡದೆ. "ನನ್ನ ಹತ್ರಾನೂ ಪೈಲಟ್ ಪರವಾನಗಿ ಇದೆ. ಪ್ರತಿ ವರ್ಷ ಪರೀಕ್ಷೆ ಕೊಟ್ಟು ಉಳಿಸ್ಕೊಂಡಿದ್ದೀನಿ. ಕೂತು ನೋಡಿ ಅಂತ ಇವತ್ತೇ ಮೊದಲನೇ ಸಲ ಒಬ್ರು ಕೇಳಿದ್ದು."

ರೆಕ್ಕೆಯ ತುಂಬ ನಡುಹಗಲಿನ ಬಿಸಿಲು ತುಂಬಿತ್ತು. ಮೂತಿಯ ಪಂಖ ಸಣ್ಣಗೆ ಗುಯ್‌ಗುಟ್ಟತೊಡಗಿತು. ಒಂದೇ ದಿನ, ಒಂದೇ ಹಾರಾಟ. ಕಡ್ಡಿ ತುಂಬಿದ ಹೊಟ್ಟೆ ಹಿಡಿದುಕೊಂಡು, ಬೋಳುತಲೆಯಲ್ಲಿ ಬೆವರಿಳಿಸುತ್ತ, ಪಕ್ಕಕ್ಕೆ ಹೋಗಿ ಕೈಮುಗಿದ.

"ಸಾರ್... ಎಲ್ಲಾ ಸರಿಯಾಗಿದೆ ಅಂತ ನೀವೇ ಹೇಳಿದ್ರಿ. ದಯವಿಟ್ಟು ಇಳೀತೀರಾ ಸಾರ್?"

ಅಧಿಕಾರಿ ಸೊಂಟದ ಪಟ್ಟಿಯನ್ನು ಟಕ್ಕೆಂದು ಬಿಗಿದುಕೊಂಡರು.

"ಇಳಿಯಲ್ಲ."