ಗೂಡಿಲ್ಲದ ಮನೆಗೆ ಬಂದ ಕಾಗದಗಳು

ಕುರಿಮಂದೆ ಎತ್ತುವ ಶಾಸ್ತ್ರವನ್ನು ಕಾಗದಪತ್ರಗಳಿಗೂ ಅನ್ವಯಿಸಬಹುದು ಎಂಬ ದಿವ್ಯ ಆಲೋಚನೆ ಚಿತ್ತಯ್ಯನಿಗೆ ಹೊಳೆದದ್ದು, ಮಾರಿಕಣಿವೆಯ ಮನೆ ಖಾಲಿ ಮಾಡಿ ಹಿರಿಯೂರಿಗೆ ಹೊರಟ ಬೆಳಿಗ್ಗೆ. ಹೊಳೆಯದೇ ಇದ್ದಿದ್ದರೆ ಹಟ್ಟಿಯ ಗೇಣಿದಾರ ಪಾಲಯ್ಯ ನೆಮ್ಮದಿಯಾಗಿರುತ್ತಿದ್ದ.

ಚಿತ್ತಯ್ಯ ಶೇಂಗಾ ಮಿಲ್ಲಿನಲ್ಲಿ ತೂಕ ಹಾಕುವವನು. ಅದು ಹೊಟ್ಟೆಗೆ. ಸಿಟ್ಟಿಗಾಗಿ ದುರ್ಗದ ಒಂದು ವಾರಪತ್ರಿಕೆಯಲ್ಲಿ ಅಂಕಣ ಬರೆಯುತ್ತಿದ್ದ. ಸರ್ಕಾರಿ ಕಚೇರಿಯಲ್ಲಿ ಕಡತ ಕಾಣೆಯಾಗುವುದು ಅವನ ನೆಚ್ಚಿನ ವಿಷಯ. ‘ಬಡವನ ಕಾಗದ ಕಚೇರಿ ಬಾಗಿಲು ದಾಟಿತೆಂದರೆ ಹಾವಿನ ಬಾಯಿಗೆ ಬಿದ್ದ ಕಪ್ಪೆ’ ಎಂದು ಅವನು ಬರೆದ ಮೇಲೆ ಸುತ್ತಲ ಹಟ್ಟಿಗಳ ಜನ ತಮ್ಮ ಗೇಣಿ ರಸೀದಿ, ಕ್ರಯಪತ್ರಗಳನ್ನೆಲ್ಲ ತಂದು ಅವನ ಮನೆಯಲ್ಲೇ ಇಡತೊಡಗಿದರು. ಗುಡ್ಲು ಸೋರುತ್ತದೆ, ಇಲಿ ಕಡಿಯುತ್ತದೆ, ಚಿತ್ತಣ್ಣನ ಹತ್ತಿರ ಇದ್ದರೆ ಭದ್ರ.

ಭದ್ರವೇನೋ ಹೌದು. ಪ್ರತಿ ಕಾಗದವನ್ನೂ ಹಳೇ ಪತ್ರಿಕೆಯಲ್ಲಿ ಸುತ್ತಿ, ಮಿಲ್ಲಿನ ದಬ್ಬಳದಿಂದ ಗೋಣಿಚೀಲದಂತೆ ಹೊಲಿದುಬಿಡುತ್ತಿದ್ದ. ಮೇಲೆ ಹೆಸರಿಲ್ಲ, ಕಳ್ಳನಿಗೆ ಗೊತ್ತಾಗಬಾರದಲ್ಲ. ಹೆಸರು ಇರುತ್ತಿದ್ದದ್ದು ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಕಾರ್ಡುಗಳಲ್ಲಿ. (ಒಂದು ಮಗ್ಗುಲಿಗೆ ಮದುವೆ, ಇನ್ನೊಂದಕ್ಕೆ ತಕರಾರು. ಎರಡೂ ಒಂದೇ ಅನ್ನುವುದು ಅವನ ಹೆಂಡತಿ ಕೆಂಚಕ್ಕನ ಮತ.) ಯಾರದು, ಏನು, ಎಲ್ಲಿ ಎಂದು ಕಾರ್ಡು ಹೇಳುತ್ತಿತ್ತು: ‘ಮೂಲೆ ಗೂಡು, ಉಪ್ಪಿನಕಾಯಿ ಭರಣಿ ಹಿಂದೆ.’ ‘ದೇವರ ಗೂಡು, ದೀಪದ ಎಡಕ್ಕೆ.’ ಆ ಮಣ್ಣುಗೋಡೆಯ ಮನೆಯ ತುಂಬ ಗೂಡುಗಳು. ಊರೂರಿನ ಪ್ರಕಾರ ಕಟ್ಟಿ, ಮೇಲೊಂದು ಹೆಸರು ಗೀಚಿದರೆ ಯಾರಿಗೆ ಬೇಕಾದರೂ ಸಿಗುತ್ತಲ್ಲ ಎಂದು ಕೆಂಚಕ್ಕ ಒಮ್ಮೆ ಕೇಳಿದ್ದಳು. ಯಾರಿಗೆ ಬೇಕಾದರೂ ಸಿಗುವುದಾದರೆ ನಾನ್ಯಾಕೆ ಬೇಕು ಎಂದಿದ್ದ ಚಿತ್ತಯ್ಯ.

ಇನ್ನು ಆ ದಿವ್ಯ ಆಲೋಚನೆ. ಮಂದೆ ಊರು ಬಿಟ್ಟು ಊರಿಗೆ ನಡೆಯುವಾಗ ಎಳೆಮರಿಗಳನ್ನು ಕತ್ತೆಯ ಮೇಲೆ ಹೇರಿ ಮುಂದೆ ಕಳಿಸುತ್ತಾರೆ, ತಾಯಿಗಳು ಮೇಯುತ್ತ ಹಿಂದೆ ಬರುತ್ತವೆ. ಸಂಜೆ ಬಿಟ್ಟರೆ ಒಂದು ಮರಿಯೂ ತಾಯಿ ತಪ್ಪುವುದಿಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಚಿತ್ತಯ್ಯ ಅದೇ ರೀತಿ ಕಟ್ಟುಗಳನ್ನೆಲ್ಲ ಚೀಲಗಳಿಗೆ ತುಂಬಿ ಗಾಡಿಯಲ್ಲಿ ಕಳಿಸಿ, ಕಾರ್ಡುಗಳ ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ.

ಹಿರಿಯೂರಿನ ಮನೆ ಸಿಮೆಂಟಿನದು. ಗೋಡೆ ನುಣ್ಣಗೆ. ಹುಡುಕಿದರೂ ಒಂದು ಗೂಡಿಲ್ಲ.

ಟ್ರಂಕು ತೆರೆದು ಕೂತಾಗಲೇ ಚಿತ್ತಯ್ಯನಿಗೆ ಅರಿವಾದದ್ದು: ಅವನ ಕಾರ್ಡುಗಳೆಲ್ಲ ಬಿಟ್ಟು ಬಂದ ಮನೆಯ ದಾರಿ ಹೇಳುತ್ತಿದ್ದವು. ಅಲ್ಲಿ ಈಗ ಗೂಡುಗಳಿದ್ದವು, ಕಾಗದಗಳಿರಲಿಲ್ಲ.

ಪಾಲಯ್ಯ ಬಂದದ್ದು ಅದೇ ವಾರ, ಸುಡು ಮಧ್ಯಾಹ್ನ. ತಾನು ಗೇಣಿಗೆ ಉಳುತ್ತಿದ್ದ ಹೊಲಕ್ಕೆ ಅರ್ಜಿ ಹಾಕಿದ್ದ, ನಾಳೆ ಬೆಳಿಗ್ಗೆ ಭೂ ನ್ಯಾಯಮಂಡಳಿ ಕೂರುತ್ತದೆ, ರಸೀದಿ ಬೇಕು ಎಂದ. ಚಿತ್ತಯ್ಯ ಗಂಟಲು ಸರಿಮಾಡಿಕೊಂಡ.

“ಕಾಗದ ಸ್ಥಳಾಂತರ ಆಗೈತೆ ಪಾಲಯ್ಯ. ಹುಡುಕಿಸ್ಬೇಕು. ಇನ್ನೊಂದಿನ ಬಾ.”

ಒಳಗಿನಿಂದ ಕೆಂಚಕ್ಕನ ದನಿ ಬಂತು. “ಸಾಹೇಬ್ರು ಊಟಕ್ಕೆ ಹೋಗವ್ರೆ ಅನ್ನೋದೊಂದು ಬಾಕಿ ಐತೆ. ಅದನ್ನೂ ಹೇಳಿಬಿಡ್ರಿ.”

ಪಾಲಯ್ಯ ನಗಲಿಲ್ಲ. ಹೆಗಲ ಕಂಬಳಿ ಹಾಸಿ ಕೂತ. “ಉಳೋನೇ ಒಡೆಯ ಅಂತ ರೇಡಿಯೋದಾಗೆ ಹೇಳ್ತಾರೆ. ಧಣಿ ಕಡೆಯೋರು ಇವನು ಬರೀ ಕೂಲಿಯೋನು ಅಂತಾರೆ. ನನ್ನ ಕೈಯಾಗೆ ಚೀಟಿ ಇಲ್ದಿದ್ರೆ ನಾನು ಕೂಲಿಯೋನೇ ಚಿತ್ತಣ್ಣ.”

ಚಿತ್ತಯ್ಯನ ಮುಖ ಇಳಿಯಿತು. ಇಷ್ಟು ವರ್ಷ ಅವನು ಉಗಿದದ್ದು ಲಂಚಕೋರರನ್ನು. ಇಲ್ಲಿ ಯಾರೂ ಲಂಚ ತಿಂದಿರಲಿಲ್ಲ. ತಾನಿಲ್ಲದೆ ಸಿಗಬಾರದು ಎಂಬ ಒಂದು ಸಣ್ಣ ಜಂಬ, ಅಷ್ಟೆ. ಅಷ್ಟರಿಂದಲೇ ಒಬ್ಬನ ಹೊಲ ಹೋಗಬಹುದು ಎಂದು ಅವನು ಯಾವ ಅಂಕಣದಲ್ಲೂ ಬರೆದಿರಲಿಲ್ಲ.

ಚೀಲಗಳನ್ನು ಸುರಿದರು. ದಬ್ಬಳದ ಹೊಲಿಗೆ ಬಿಚ್ಚುವುದು ಸುಮ್ಮನೆಯೇ? ಒಂದು ಕಟ್ಟು ಬಿಚ್ಚಿ, ಒಳಗಿನ ಇರುವೆ ಸಾಲಿನಂಥ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಿಸಿಲು ಹೊಸ್ತಿಲು ದಾಟುತ್ತಿತ್ತು. ಈ ಲೆಕ್ಕದಲ್ಲಿ ಪಾಲಯ್ಯನ ಮೊಮ್ಮಗನಿಗೆ ರಸೀದಿ ಸಿಗಬೇಕು. ಕೆಂಚಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಮರಿ ವಾಸ್ನೆ ತಾಯಿಗೆ ಗೊತ್ತಿರ್ತೈತೆ. ನಿಮ್ಮ ಕಾರ್ಡಿಗೆ ಮೂಗೈತಾ?”

ಅವಳು ಹೇಳಿದ್ದು ಹಂಗಿಸಲಿಕ್ಕೆ. ಚಿತ್ತಯ್ಯ ಮಾತ್ರ ಪಾಲಯ್ಯನ ಕಾರ್ಡನ್ನು ಇನ್ನೊಮ್ಮೆ ಓದಿದ: ಉಪ್ಪಿನಕಾಯಿ ಭರಣಿ ಹಿಂದೆ. ಒಂದು ಕಟ್ಟೆತ್ತಿ ಮೂಗಿಗೆ ಹಿಡಿದ. ಸೀಮೆಎಣ್ಣೆ. ಇನ್ನೊಂದು, ಕಂಬಳಿ. ಮತ್ತೊಂದು ಸಾಂಬ್ರಾಣಿ. ಮಂಡಿಯೂರಿ, ಆಮೇಲೆ ನಾಲ್ಕು ಕಾಲಿನ ಮೇಲಾಗಿ, ಮೂಸಿ ಮೂಸಿ ಗುಡ್ಡೆ ಹಾಕತೊಡಗಿದ. ಪಾಲಯ್ಯನೂ ಮೂಗು ಕೊಟ್ಟ. ಜರಡಿ ಕೇಳಲು ಬಂದ ಪಕ್ಕದ ಮನೆಯ ಚಂದ್ರಕ್ಕ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹಿಂದಿರುಗಿದಳು. (ಹೊಸದಾಗಿ ಬಂದ ಮಿಲ್ಲಿನವರಿಗೆ ಏನೋ ತೊಂದರೆ ಇದೆಯಂತೆ ಎಂದು ಹೊತ್ತು ಮುಳುಗುವುದರೊಳಗೆ ಬೀದಿಗೆಲ್ಲ ತಿಳಿದಿತ್ತು.)

ಉಪ್ಪಿನಕಾಯಿ ಗುಡ್ಡೆ ಸಣ್ಣದು. ಅದರಲ್ಲಿ ಸಿಕ್ಕಿತು. ಎಣ್ಣೆಯ ಕಲೆ ಹತ್ತಿದ್ದರೂ ಧಣಿಯ ರುಜು ಸ್ಪಷ್ಟವಾಗಿತ್ತು. ಪಾಲಯ್ಯ ರಸೀದಿಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಒತ್ತಿಕೊಂಡಲ್ಲಿ ಖಾರ ಹತ್ತಿ ಅತ್ತ.

ಮರುದಿನ ಸಂಜೆ ಅವನೇ ಬಂದು, ಮಂಡಳಿಯವರು ರಸೀದಿ ನೋಡಿ ಗೇಣಿದಾರ ಎಂದು ಬರೆದುಕೊಂಡರೆಂದು ಹೇಳಿದ. ಚಿತ್ತಯ್ಯ ಹಿಗ್ಗಿ ಕೈ ಚಾಚಿದ. “ಕೊಡು, ಈ ಸಲ ಸರಿಯಾದ ಜಾಗದಾಗೆ ಇಡ್ತೀನಿ.”

ಪಾಲಯ್ಯ ರುಮಾಲಿನ ಮಡಿಕೆ ಮುಟ್ಟಿ ನೋಡಿಕೊಂಡ. “ಬ್ಯಾಡ ಚಿತ್ತಣ್ಣ. ನಮ್ಮ ಗುಡ್ಲು ಸೋರೋದು ದಿಟ, ಇಲಿ ಇರೋದೂ ದಿಟ. ಆದ್ರೆ ಎಲ್ಲೈತೆ ಅಂತ ನನ್ನ ಹೆಂಡ್ತಿಗೂ ಗೊತ್ತಿರ್ತೈತೆ.”

ಸುದ್ದಿ ಹಟ್ಟಿಗಳಿಗೆ ಮುಟ್ಟಿತು. ಒಬ್ಬೊಬ್ಬರೇ ಬಂದರು. ಚಿತ್ತಯ್ಯ ನಡುಮನೆಯಲ್ಲಿ ಮೇಜು ಹಾಕಿ, ಕಾಗದ ವಾಪಸ್ ಬೇಕಾದವರು ಒಂದು ಅರ್ಜಿ ಬರೆದುಕೊಡಿ ಎನ್ನುವಷ್ಟರಲ್ಲಿ, ಕೆಂಚಕ್ಕ ಕಟ್ಟುಗಳನ್ನೆಲ್ಲ ಹಿತ್ತಿಲಿಗೆ ಒಯ್ದು ಬಿಚ್ಚಿ ಹರವಿದ್ದಳು. ಓದಲು ಬರುವವರು ಬಾರದವರಿಗೆ ಓದಿ ಹೇಳಿದರು. ತಮ್ಮತಮ್ಮದನ್ನು ಎತ್ತಿಕೊಂಡು ಹೋದರು.

ಯಾರೂ ಕೇಳದೆ ಉಳಿದದ್ದು ಒಂದೇ ಕಟ್ಟು: ಕಚೇರಿಗಳ ಮೇಲೆ ಚಿತ್ತಯ್ಯ ಬರೆದ ಅಂಕಣಗಳು. ಕೆಂಚಕ್ಕ ಅವನ್ನು ಅಡಿಗೆಮನೆಯ ಹಲಗೆಗೆ ಹಾಸಿ ಡಬ್ಬಿಗಳನ್ನು ಜೋಡಿಸಿದಳು. ಚಿತ್ತಯ್ಯ ಅಭ್ಯಾಸಬಲದಿಂದ ಒಂದು ಕಾರ್ಡು ತೆಗೆದು ಬರೆದ: ‘ನನ್ನ ಅಂಕಣಗಳು. ಸಾರಿನ ಪುಡಿ ಡಬ್ಬಿ ಕೆಳಗೆ.’

ಕೆಂಚಕ್ಕ ಬಗ್ಗಿ ಓದಿದಳು.

“ಆ ಡಬ್ಬಿ ನಾಳೆ ಒಲೆ ಕಡೀಗೆ ಹೋಗ್ತೈತೆ,” ಎಂದಳು.